ಸರ್ ಒಳಗಿದ್ದರು

ಹಾಲ್‌ನಲ್ಲಿ ಶವದ ಮೇಲೆ ಹೂವಿಟ್ಟು ಎರಡು ನಿಮಿಷವೂ ಆಗಿರಲಿಲ್ಲ, ಪ್ರೊಫೆಸರರು ಒಳಕೋಣೆಯಲ್ಲಿ ಸತ್ತವರ ಮೇಜಿನ ಡ್ರಾಯರ್ ಎಳೆಯುತ್ತಿದ್ದರು. ಕನ್ನಡಕ, ಮಾತ್ರೆಗಳು, ಹಲ್ಲಿನ ಸೆಟ್ಟು ಒಂದೊಂದಾಗಿ ಹೊರಬಂದವು. ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಹಿಡಿದು ಪಕ್ಕಕ್ಕಿಟ್ಟರು. ಸತ್ತವರ ಮಗಳು ಬಾಗಿಲಲ್ಲಿ ಬಂದು ನಿಂತಳು.

“ಏನ್ ಹುಡುಕ್ತಿದೀರ ಸರ್?”

“ನಿಮ್ಮಪ್ಪನ ನೋಟ್‌ಬುಕ್ಕಮ್ಮ. ಲ್ಯಾಬಿನ ಆಸ್ತಿ ಅದು. ನಾಳೆ ವಿಚಾರಣೆ ಇದೆಯಲ್ಲ.”

“ಅಪ್ಪ ಇನ್ನೂ ಮನೇಲೇ ಇದಾರೆ ಸರ್.”

“ಗೊತ್ತಮ್ಮ, ಗೊತ್ತು. ದೇವರಂಥ ಮನುಷ್ಯ,” ಎನ್ನುತ್ತಲೇ ಅವರು ಕೆಳಗಿನ ಡ್ರಾಯರಿಗೆ ಕೈ ಹಾಕಿದರು.

*

ಅಪ್ಪ ಬೆಳಕಿನ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಬೆಳಕಿನ ಕಣಗಳನ್ನು ಒಂದೊಂದಾಗಿ ಗಾಜಿನ ಎಳೆಗಳ ಕವಲುಗಳಲ್ಲಿ ನಡೆಸುವುದು ಅಲ್ಲಿನ ಕೆಲಸ. ಪ್ರತಿ ಕವಲಿನಲ್ಲೂ ಕಣ ಎಡಕ್ಕೂ ಬಲಕ್ಕೂ ಒಟ್ಟಿಗೇ ಹೋಗುತ್ತದಂತೆ. ತಣ್ಣೀರಿಗೆ ಸುರಿದ ಬಿಸಿನೀರು ಕೊನೆಗೆ ಒಂದೇ ಹದಕ್ಕೆ ಬರುವ ಹಾಗೆ, ಬೆಳಕೂ ಎಲ್ಲೆಡೆ ಸಮನಾಗಿ ಹರಡಿ ಹೊರಟ ಜಾಗವನ್ನು ಮರೆಯುತ್ತದೆಯೇ ಎಂಬುದು ಪ್ರಶ್ನೆ. ಮರೆಯುತ್ತದೆ ಎಂದು ಪ್ರೊಫೆಸರರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು.

ಅಪ್ಪ ಕನ್ನಡಿಗಳನ್ನು ಹೊಂದಿಸಿ, ಹೊರಬಂದು, ಬಾಗಿಲು ಹಾಕಿ ನಲವತ್ತು ನಿಮಿಷ ಕಾಯುತ್ತಿದ್ದರು. ಮನುಷ್ಯರ ಮೈ ಬಿಸಿಗೇ ಗಾಜಿನ ಎಳೆ ಹಿಗ್ಗಿ ಲೆಕ್ಕ ಕೆಡುತ್ತದೆ ಎನ್ನುತ್ತಿದ್ದರು. ಪ್ರೊಫೆಸರರಿಗೆ ಅಷ್ಟು ತಾಳ್ಮೆ ಎಲ್ಲಿ? ಬಂದ ಅತಿಥಿಗಳನ್ನೆಲ್ಲ ಕಟ್ಟಿಕೊಂಡು ಪ್ರಯೋಗದ ಮಧ್ಯೆಯೇ ಒಳನುಗ್ಗುತ್ತಿದ್ದರು. ಹಾಗೆ ಸಿಕ್ಕ ಅಂಕಿಗಳನ್ನೇ ಪ್ರಕಟಿಸಿದರು, ಸನ್ಮಾನ ಮಾಡಿಸಿಕೊಂಡರು. ಬೇರೆಯವರು ಮಾಡಿ ನೋಡಿ, ಆ ಫಲ ಬರುತ್ತಿಲ್ಲ ಎಂದಾಗ ತಪ್ಪನ್ನು ಟೆಕ್ನಿಷಿಯನ್ ತಲೆಗೆ ಕಟ್ಟಿದರು. ವಯಸ್ಸಾಗಿದೆ, ಕೈ ನಡುಗುತ್ತದೆ ಎಂದು ಸಂಸ್ಥೆಗೆ ಬರೆದು ಕೊಟ್ಟರು. ಸಂಸ್ಥೆ ವಿಚಾರಣೆ ಇಟ್ಟಿತು.

ಆ ಕಾಗದದ ಪ್ರತಿ ಮನೆಗೆ ಬಂದ ದಿನ ಅಪ್ಪ ಊಟದ ತಟ್ಟೆಯ ಮುಂದೆ ಎರಡೂ ಕೈ ಚಾಚಿದ್ದರು.

“ನೋಡೇ, ನಡುಗ್ತಿದೆಯಾ?”

“ಇಲ್ಲ ಕಣ್ರೀ, ಊಟ ಮಾಡಿ,” ಎಂದಿದ್ದಳು ಅಮ್ಮ. ಅವರು ಉಣ್ಣಲಿಲ್ಲ.

*

“ಕೊಟ್ಬಿಡೇ ಅದನ್ನ,” ಎಂದಳು ಅಮ್ಮ. “ಆ ಪೀಡೆ ಈ ಮನೇಲಿ ಬೇಡ. ಹೋದೋರಿಗೆ ಇನ್ನೇನಾಗ್ಬೇಕು?”

“ಕೆಲ್ಸ ಕೆಡಿಸ್ದೋರು ಅನ್ನಿಸ್ಕೊಂಡೇ ಹೋಗ್ಬೇಕಾ ಅಪ್ಪ?”

ನೋಟ್‌ಬುಕ್ ಅಡುಗೆಮನೆಯ ಡಬ್ಬಗಳ ಹಿಂದಿತ್ತು. ಮಗಳು ತಂದಳು. ಪ್ರೊಫೆಸರರು ಅವಳ ಬೆನ್ನಿಗೇ ಹಾಲ್‌ಗೆ ಬಂದರು. ಅಲ್ಲಿ ಸಂಸ್ಥೆಯ ನಿರ್ದೇಶಕಿ, ಲ್ಯಾಬಿನ ವಿದ್ಯಾರ್ಥಿಗಳು, ಅಪ್ಪನ ಗೆಳೆಯ ಲೇತ್ ಕೆಲಸದವನು ಕೂತಿದ್ದರು. ಅವಳು ಶವದ ಪಕ್ಕ ನಿಂತು ಓದತೊಡಗಿದಳು.

“ಹನ್ನೊಂದು ಗಂಟೆ. ಸರ್ ಒಳಗಿದ್ದರು. ಬೆಳಕು ಹರಡಿತು. ಎರಡು ಗಂಟೆ. ಒಳಗೆ ಯಾರೂ ಇಲ್ಲ. ಬೆಳಕು ಹೊರಟಲ್ಲೇ ಉಳಿಯಿತು. ನಾಲ್ಕು ಗಂಟೆ. ಸರ್ ಮತ್ತು ಮೂವರು ಅತಿಥಿಗಳು ಒಳಗಿದ್ದರು. ಬೆಳಕು ಹರಡಿತು.”

“ಇದಕ್ಕೆಲ್ಲ ಇದು ಹೊತ್ತೇನಮ್ಮ?” ಎಂದರು ಪ್ರೊಫೆಸರರು. ಆ ದನಿಯಲ್ಲಿದ್ದ ಬೆಣ್ಣೆಗೇ ಅವಳಿಗೆ ಹೇಸಿಗೆಯಾಯಿತು.

“ಕೂತು ಕೇಳಿ ಸರ್,” ಎಂದ ಲೇತಿನವನು. “ಅವನು ಇಪ್ಪತ್ತು ವರ್ಷ ನಿಮ್ಮ ಮಾತು ಕೇಳಿಲ್ವಾ?”

ಅವಳು ಪುಟ ಮುಗಿಸಿ ನೋಟ್‌ಬುಕ್ಕನ್ನು ಅವನಿಗೆ ಕೊಟ್ಟಳು. ಅವನು ಓದಿ ಪಕ್ಕದ ವಿದ್ಯಾರ್ಥಿನಿಗೆ ಕೊಟ್ಟ. ಪ್ರೊಫೆಸರರು ಕೈ ಚಾಚಿದರು. ವಿದ್ಯಾರ್ಥಿನಿ ತಲೆಯೆತ್ತದೆ ಅವರ ಬೆರಳುಗಳ ಮುಂದೆಯೇ ದಾಟಿಸಿ ಆಚೆ ಕೂತ ವಿದ್ಯಾರ್ಥಿಗೆ ಕೊಟ್ಟಳು. ಅವನು ನಿರ್ದೇಶಕಿಗೆ ಕೊಟ್ಟ. ಹೊರಗೆ ಶವದ ಗಾಡಿ ಬಂದು ನಿಂತಿತು. ಎಲ್ಲರೂ ಎದ್ದರು. ಪ್ರೊಫೆಸರರ ಕೈ ಇನ್ನೂ ಚಾಚಿಯೇ ಇತ್ತು, ಮತ್ತು ಅದು ನಡುಗುತ್ತಿತ್ತು.