ಶಾಮಣ್ಣನವರ ಕ್ಯಾಲೆಂಡರ್ ನಿಂತ ವರ್ಷ

ಡಿಸೆಂಬರಿನ ಚಳಿ ಎಂದರೆ ಮುಂಬಯಿಯಲ್ಲಿ ಬೆವರು ಸ್ವಲ್ಪ ಕಡಿಮೆ, ಅಷ್ಟೆ. ಮಿಲ್ಲುಗಳ ಮುಷ್ಕರ ಸೋತು ಸುಮ್ಮನಾಗಿ ಮೂರು ನಾಲ್ಕು ವರ್ಷ ಆಗಿತ್ತು. ಅಂಥ ಒಂದು ಡಿಸೆಂಬರಿನ ಮಧ್ಯಾಹ್ನ ಮೂರು ಗಂಟೆಗೆ, ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದು ಚಹಾದ ಗಲಾಟೆ ಇನ್ನೂ ಶುರುವಾಗದ ಹೊತ್ತಿನಲ್ಲಿ, ಬೈಕುಲ್ಲಾಕ್ಕೆ ಹೋಗಿದ್ದ ಅಡುಗೆಯ ದೂಜ ಬರಿಗೈಯಲ್ಲಿ ವಾಪಸು ಬಂದ.

"ಕ್ಯಾಲೆಂಡರ್ ಎಲ್ಲಿ?" ಎಂದು ಪೂವಪ್ಪ ಕೇಳಿದ.

"ಇಲ್ಲ ಪೂವಪ್ಪಣ್ಣ. ಶಾಮಣ್ಣನವರು ಪ್ರೆಸ್ಸು ಮುಚ್ಚುತ್ತಾರಂತೆ. ಬರುವ ವರ್ಷದ್ದು ಅಚ್ಚೇ ಹಾಕಲಿಲ್ಲ."

ಪೂವಪ್ಪ ಗೋಡೆಯ ಹಳೆಯ ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಎಣಿಸಿದ. ಅದಕ್ಕೆ ಕಾರಣ ಇತ್ತು. ಮೂವತ್ತೈದು ವರ್ಷ ಒಲೆಯ ಮುಂದೆ ನಿಂತವನಿಗೆ ಎರಡು ವರ್ಷದ ಹಿಂದೆ ಕೈ ನಡುಗಲು ಶುರುವಾಗಿ, ಸೌಟು ದೂಜನ ಕೈಗೆ ಹೋಗಿತ್ತು. ಆಗ ಧಣಿಗಳು ಅವನನ್ನು ಊರಿಗೆ ಕಳಿಸಲಿಲ್ಲ. "ನೀವು ದಿನ ನೋಡಿ ಹೇಳಿ, ಅಷ್ಟು ಸಾಕು" ಎಂದಿದ್ದರು. ಏಕಾದಶಿ, ಸಂಕಷ್ಟಿ ಬಂದರೆ ಸುತ್ತಲಿನ ಆಫೀಸಿನ ಮರಾಠಿಯವರು, ಗುಜರಾತಿಗಳು ಉಪವಾಸದ ಫರಾಳವೆಂದು ಸಾಬಕ್ಕಿ ಖಿಚಡಿಗೆ ಇಲ್ಲಿಗೇ ಬರುವರು. ಅದಕ್ಕೆ ಹಿಂದಿನ ಸಂಜೆಯೇ ಸಾಬಕ್ಕಿ ನೆನೆಹಾಕಬೇಕು, ನೆಲಗಡಲೆ ಹುರಿದು ಕುಟ್ಟಬೇಕು, ಈರುಳ್ಳಿ ಮುಟ್ಟದ ಬಾಣಲೆ ಬೇರೆ ತೆಗೆದಿಡಬೇಕು. ಹಾಗಾಗಿ ದಿನಾ ಮೂರೂವರೆಗೆ ಪೂವಪ್ಪ ಕ್ಯಾಲೆಂಡರಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ನಾಳೆ ಫರಾಳ ಉಂಟು" ಅಥವಾ "ನಾಳೆ ಎಂತದ್ದೂ ಇಲ್ಲ" ಎಂದು ಹೇಳುವನು. ಅವನಿಗೆ ಉಳಿದಿದ್ದ ಕೆಲಸ ಅದೊಂದೇ. ಅವನು ಅದನ್ನು ಮಠದ ಸ್ವಾಮಿಗಳ ಗತ್ತಿನಲ್ಲಿ ಮಾಡುತ್ತಿದ್ದ ಎಂಬುದನ್ನು ಅವನೇ ಆಮೇಲೆ ಒಪ್ಪಿಕೊಂಡ.

ಮರುದಿನ ತಾನೇ ಬೈಕುಲ್ಲಾಕ್ಕೆ ಹೋದ. ಶಾಮಣ್ಣನವರು ಮೈಸೂರಿನ ಕಡೆಯವರು, ಮುಂಬಯಿಯ ಕನ್ನಡಿಗರಿಗೆಂದು ಇಪ್ಪತ್ತಾರು ವರ್ಷ ಕನ್ನಡ ಕ್ಯಾಲೆಂಡರ್ ಹಾಕಿದವರು. ಅಚ್ಚಿನ ಮೊಳೆಗಳನ್ನು ಗೋಣಿಗೆ ತುಂಬಿಸುತ್ತ ಕೂತಿದ್ದರು.

"ಕೊಳ್ಳೋರಿಲ್ಲ ಪೂವಪ್ಪ. ಹೋದ ಸಲ ನಾನೂರು ಹಾಕ್ದೆ, ತೊಂಬತ್ತು ಹೋಯ್ತು. ಉಳಿದಿದ್ದರ ಬೆನ್ನ ಮೇಲೆ ನಮ್ಮ ಮನೇಲಿ ರಂಗೋಲಿ ಅಭ್ಯಾಸ ಮಾಡ್ತಾರೆ. ನೀವು ಯಾವುದಾದ್ರೂ ಮರಾಠಿದು ತಗೊಂಡುಬಿಡಿ. ನಾನೂ ಅದನ್ನೇ ಮುಂದಿಟ್ಕೊಂಡು ಹಾಕ್ತಿದ್ದೆ."

ಕೊನೆಯ ಮಾತು ಪೂವಪ್ಪನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯಲ್ಲಿ ಬೇರೆ ಚಿಂತೆ. ಅವನು ಊರಿನ ಶಾಲೆಯಲ್ಲಿ ಮೂರನೇ ಕ್ಲಾಸು. ಕನ್ನಡವನ್ನು ಬೆರಳಿಟ್ಟು ಓದುವನು. ಮರಾಠಿಯಲ್ಲಿ ಅಂಕಿ ಬರುತ್ತಿತ್ತು, ಅದು ಬಸ್ಸಿನ ನಂಬರು ನೋಡಿ ಕಲಿತದ್ದು. ಅಕ್ಷರ ಒಂದೂ ಬಾರದು. ಇಷ್ಟು ವರ್ಷ ಮುಂಬಯಿಯ ಅನ್ನ ತಿಂದವನು ಇದನ್ನು ಈಗ ಯಾರ ಬಳಿ ಹೇಳುವುದು?

ಹಾಗಾಗಿ ಒಂದು ಪರೀಕ್ಷೆ ಏರ್ಪಟ್ಟಿತು. ಬ್ಯಾಂಕಿನದ್ದು, ಎಣ್ಣೆ ವ್ಯಾಪಾರಿಯದ್ದು, ಮನೆಮನೆಯಲ್ಲೂ ನೇತಾಡುವ ಒಂದು ಮರಾಠಿಯದ್ದು, ಊರಿನಿಂದ ಬಂದವರು ತಂದ ಕನ್ನಡದ್ದು, ಹೀಗೆ ನಾಲ್ಕು ಕ್ಯಾಲೆಂಡರ್‌ಗಳನ್ನು ಮೊಳೆಗೆ ತೂಗುಹಾಕಿ, ಹೆಣ್ಣು ನೋಡಲು ಬಂದವರ ಹಾಗೆ ಪೂವಪ್ಪ ಒಂದು ವಾರ ಎದುರಲ್ಲಿ ಕೂತ. ಬ್ಯಾಂಕಿನದ್ದರಲ್ಲಿ ತಿಥಿಯೇ ಇರಲಿಲ್ಲ. ಎಣ್ಣೆಯವನದ್ದರಲ್ಲಿ ಲಕ್ಷ್ಮಿಯೇ ಮುಕ್ಕಾಲು ಜಾಗ ಹಿಡಿದು, ತಾರೀಕುಗಳು ಅವಳ ಪಾದದಡಿ ಇರುವೆಗಳ ಹಾಗಿದ್ದವು.

"ಮರಾಠಿಯದ್ದಕ್ಕೆ ಎಂತ ಆಗಿದೆ?" ಎಂದು ದೂಜ ಕೇಳಿದ. "ಎಲ್ಲ ಉಂಟು ಅದರಲ್ಲಿ. ಚಂದ್ರ ಹುಟ್ಟುವ ಟೈಮು ಸಹ ಉಂಟು."

"ಕಾಗದ ಸರಿ ಇಲ್ಲ. ಹೊಗೆಗೆ ನಿಲ್ಲುವುದಿಲ್ಲ ಮಾರಾಯ."

"ಕಾಗದವಾ?"

"ಶಾಯಿ ಸಹ ಸರಿ ಇಲ್ಲ."

ಮಧ್ಯಾಹ್ನ ಅಕ್ಕಿ ಆರಿಸಲು ಬರುವ ಸೇವಂತಿ ಮೊರದಿಂದ ತಲೆ ಎತ್ತಿ ನೋಡಿದಳು. ಅವಳು ಇಲ್ಲಿಯ ಚಾಳಿನಲ್ಲೇ ಹುಟ್ಟಿ ಮುನ್ಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು.

ಊರಿನ ಕ್ಯಾಲೆಂಡರ್ ಗೆದ್ದಿತು. ಅಕ್ಷರ ದೊಡ್ಡದು, ಭಾಷೆ ನಮ್ಮದು, ಏಕಾದಶಿಯ ಪಕ್ಕದಲ್ಲಿ ತುಳಸಿಯ ಚಿತ್ರ. ಜನವರಿಯ ಎರಡು ಏಕಾದಶಿಯೂ ಸರಿಯಾಗಿ ಬಂದವು. ಪೂವಪ್ಪ ಬಂದವರಿಗೆಲ್ಲ ಅದರ ಗುಣಗಾನ ಮಾಡಿದ, ಧಣಿಗಳ ಮನೆಗೂ ಒಂದು ತರಿಸಿಕೊಡುತ್ತೇನೆ ಎಂದ.

ಫೆಬ್ರವರಿಯ ಒಂದು ಗುರುವಾರ ಅವನು ಎಂದಿನಂತೆ ನಿಂತು, "ನಾಳೆ ಎಂತದ್ದೂ ಇಲ್ಲ. ನಾಡಿದ್ದು ಶನಿವಾರ ಏಕಾದಶಿ" ಎಂದ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಗಿರಾಕಿ ಖಿಚಡಿ ಕೇಳಿದ. ಎಂಟೂಕಾಲಿಗೆ ಹತ್ತು ಜನ ಕೇಳಿದರು. ಒಳಗೆ ಬಾಣಲೆಗಳಲ್ಲೆಲ್ಲ ಈರುಳ್ಳಿ ಬಿದ್ದಾಗಿತ್ತು.

ಇಲ್ಲಿಗೆ ಬಾಯಿ ಮುಚ್ಚಿದ್ದರೆ ಪೂವಪ್ಪನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಅವನು ಹೊರಗೆ ಬಂದು, ಇಪ್ಪತ್ತು ವರ್ಷದಿಂದ ಬರುತ್ತಿದ್ದ ಒಬ್ಬ ಮುದುಕ ಮರಾಠಿ ಮಾಸ್ತರರಿಗೆ ತನ್ನ ಹರಕು ಹಿಂದಿಯಲ್ಲಿ, "ಏಕಾದಶಿ ಕಲ್ ಹೈ, ಆಪ್ ಏಕ್ ದಿನ್ ಜಲ್ದಿ ಕಿಯಾ" ಎಂದು, ಅವರೇ ಒಂದು ದಿನ ಮುಂಚೆ ಬಂದವರೆಂಬಂತೆ, ತಿಳಿಸಿ ಹೇಳಿದ. ಮಾಸ್ತರರು ಅವನನ್ನೊಮ್ಮೆ ನೋಡಿ, ಕೊಡೆ ತೆಗೆದುಕೊಂಡು, ಎದುರಿನ ಹೋಟೆಲಿಗೆ ನಡೆದರು. ಅವರ ಹಿಂದೆ ಉಳಿದವರೂ ನಡೆದರು.

ಪೂವಪ್ಪ ಸೋಲಲಿಲ್ಲ. ಶನಿವಾರಕ್ಕೆ ಎಂದಿಗಿಂತ ಎರಡು ಪಟ್ಟು ಸಾಬಕ್ಕಿ ನೆನೆಹಾಕಿಸಿದ. ಶನಿವಾರ ಒಂದು ಪ್ಲೇಟೂ ಹೋಗಲಿಲ್ಲ. ಮಧ್ಯಾಹ್ನ, ರಾತ್ರಿ, ಮರುದಿನ ಬೆಳಿಗ್ಗೆ ಹೋಟೆಲಿನ ಹದಿನಾಲ್ಕು ಜನರೂ ಖಿಚಡಿ ತಿಂದರು.

"ಪೂವಪ್ಪಣ್ಣ, ನನ್ನ ಜನ್ಮದಲ್ಲಿ ಒಂದು ಉಪವಾಸ ಮಾಡಿದವನಲ್ಲ ನಾನು" ಎಂದು ದೂಜ ಮೂರನೆಯ ತಟ್ಟೆ ನೋಡುತ್ತ ಹೇಳಿದ. "ನಿಮ್ಮಿಂದಾಗಿ ಒಟ್ಟಿಗೇ ಮೂರು ಆಯಿತು."

ಧಣಿಗಳು ಬಂದು ಕ್ಯಾಲೆಂಡರ್ ನೋಡಿದರು. ತುಳಸಿಯ ಚಿತ್ರದ ಮೇಲೆ ಬೆರಳಿಟ್ಟು ನಕ್ಕರು.

"ಇದು ನಮ್ಮ ಊರಿನ ಮಠದ ಏಕಾದಶಿ ಪೂವಪ್ಪ. ಕೆಲವು ಸಲ ಒಂದು ದಿನ ತಡವಾಗಿ ಬೀಳುತ್ತದೆ. ಗ್ರಾಂಟ್ ರೋಡಿನವರಿಗೆ ಮಠ ಎಲ್ಲಿ ಉಂಟು? ಶಾಮಣ್ಣ ಇಲ್ಲಿಯ ಮರಾಠಿಯವರ ದಿನವನ್ನೇ ಕನ್ನಡದಲ್ಲಿ ಹಾಕುತ್ತಿದ್ದದ್ದು. ನಿಮಗೆ ಅವರು ಹೇಳಲಿಲ್ಲವಾ?"

ಹೇಳಿದ್ದರು. ಅದೇ ಪೂವಪ್ಪನನ್ನು ಹೆಚ್ಚು ಸುಟ್ಟದ್ದು.

ಮರಾಠಿ ಕ್ಯಾಲೆಂಡರ್ ಗೋಡೆಗೆ ಬಂತು. ಪೂವಪ್ಪ ಅದರ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ಕನ್ನಡಕ ಒರೆಸಿ, ಮತ್ತೆ ನಿಂತ. ಸೇವಂತಿ ಮೊರ ಹಿಡಿದುಕೊಂಡೇ ಹತ್ತಿರ ಬಂದಳು.

"ಕಾಕಾ, ನಾನು ಓದಿ ಹಳೂ ಹೇಳ್ತೇನೆ. ನೀವು ಜೋರ್ ಸೇ ಹೇಳಿ. ಕೋಣಾಲಾ ಕಳಣಾರ್ ನಾಹೀ, ಯಾರಿಗೂ ಗೊತ್ತಾಗಲ್ಲ."

"ನಿನಗೆ ಯಾರು ಹೇಳಿದರು ನನಗೆ ಬರುವುದಿಲ್ಲ ಎಂದು?"

"ಕಾಗದ ಸರಿ ಇಲ್ಲ ಅಂದಿದ್ರಲ್ಲ, ತೇವ್ಹಾಂಚ್, ಆಗಲೇ ಗೊತ್ತಾಯ್ತು."

ಒಂದು ತಿಂಗಳು ಹಾಗೆ ನಡೆಯಿತು. ಅವಳು ಅಕ್ಕಿಗೆ ಹೇಳಿದ ಹಾಗೆ ಮೆಲ್ಲಗೆ ಹೇಳುವಳು, ಪೂವಪ್ಪ ಗಂಟಲು ಸರಿಮಾಡಿಕೊಂಡು ಜೋರಾಗಿ ಹೇಳುವನು. ಒಂದು ದಿನವೂ ತಪ್ಪಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು, ಮಾಸ್ತರರೂ ಬಂದರು. ಪೂವಪ್ಪನಿಗೆ ಹಳೆಯ ಗತ್ತು ಕೂಡ ಸ್ವಲ್ಪ ವಾಪಸು ಬರುತ್ತಿತ್ತು.

ಆಮೇಲೆ ಒಂದು ಮಧ್ಯಾಹ್ನ ಅವನು "ನಾಳೆ ಸಂಕಷ್ಟಿ" ಎಂದಾಗ, ಸಾಬಕ್ಕಿಯ ಡಬ್ಬಕ್ಕೆ ಕೈ ಹಾಕಿದ್ದ ದೂಜ ತಡೆದು ಸೇವಂತಿಯ ಮುಖ ನೋಡಿದ್ದನ್ನು ಕಂಡ. ಅವಳು ಹೌದೆಂದು ತಲೆ ಆಡಿಸಿದಳು. ಆಮೇಲೆಯೇ ದೂಜ ಡಬ್ಬ ತೆರೆದ. ಮಸಾಲೆ ಅರೆಯುವವನೂ ಅತ್ತಲೇ ನೋಡುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ಬಹುಶಃ ಮೊದಲ ದಿನದಿಂದ. ತನ್ನ ಗತ್ತು ಕೆಡಿಸಬಾರದೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ಪೂವಪ್ಪ ಗಲ್ಲಾದ ಬಳಿಗೆ ಹೋದ.

"ಧಣಿ, ನನಗೆ ಮರಾಠಿ ಓದಲಿಕ್ಕೆ ಬರುವುದಿಲ್ಲ."

"ಗೊತ್ತುಂಟು."

"ಯಾವಾಗಿನಿಂದ?"

"ನೀರು ಬಂದ್ ಎಂದು ಮರಾಠಿಯಲ್ಲಿ ನೋಟೀಸು ಅಂಟಿಸಿದ್ದರಲ್ಲ, ನೀವು ಓದಿ ನೋಡಿ, ಎಂತದ್ದೂ ಇಲ್ಲ, ಚುನಾವಣೆಯದ್ದು ಎಂದಿರಿ. ಎರಡು ದಿನ ಹೋಟೆಲು ಮುಚ್ಚಿದ್ದೆವು. ಹದಿನೈದು ವರ್ಷ ಆಯಿತು."

ಪೂವಪ್ಪನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಧಣಿಗಳೂ ನಕ್ಕರು.

"ಹೇಳುವ ಕೆಲಸ ಸೇವಂತಿಗೆ ಕೊಡಿ" ಎಂದ. "ಅವಳು ಮೆಲ್ಲಗೆ ಹೇಳಿದರೂ ಇವರಿಗೆಲ್ಲ ಕೇಳುತ್ತದೆ."

"ಕೊಡುವ. ನೀವು ಸುಮ್ಮನೆ ಕೂತಿರಿ, ಕುರ್ಚಿ ಉಂಟಲ್ಲ."

"ಕುರ್ಚಿಯಲ್ಲಿ ಗಿರಾಕಿ ಕೂರಲಿ ಧಣಿ. ನಾನು ಕೂತರೆ ನಾಳೆ ಮತ್ತೊಬ್ಬ ಮಾಸ್ತರರಿಗೆ ಪಂಚಾಂಗ ಹೇಳಿಕೊಟ್ಟೇನು."

ಹೋಗಬೇಡಿ, ಇಲ್ಲೇ ಇರಿ ಎಂದು ಧಣಿಗಳು ಒತ್ತಾಯ ಮಾಡಿದರು, ಎರಡು ಸಲ. ಮೂರನೆಯ ಸಲ ಮಾಡಲಿಲ್ಲ. ಮಾರನೆಯ ಮಧ್ಯಾಹ್ನ ಮೂರೂವರೆಗೆ ಸೇವಂತಿ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಗೋಡೆಯ ಮುಂದೆ ನಿಂತು ಮರುದಿನದ್ದು ಹೇಳಿದಳು. ಅವಳ ದನಿ ಅಷ್ಟು ದೊಡ್ಡದೆಂದು ಪೂವಪ್ಪನಿಗೆ ಗೊತ್ತಿರಲಿಲ್ಲ.

ಪೂವಪ್ಪ ಹೋಟೆಲು ಬಿಟ್ಟು ಕಾಂದಿವಲಿಯ ಅಣ್ಣನ ಮಗಳು ವಾರಿಜಾಳ ಮನೆಗೆ ಹೋದದ್ದು ಮಾರ್ಚ್ ತಿಂಗಳ ಕೊನೆಯ ಮಂಗಳವಾರ, ಬೆಳಗಿನ ಹನ್ನೊಂದೂವರೆಯ ಸ್ಲೋ ಲೋಕಲ್‌ನಲ್ಲಿ. ಟ್ರಂಕು ಹಿಡಿದು ಸ್ಟೇಷನ್ ತನಕ ದೂಜ ಬಂದಿದ್ದ.