ರಂಜಿನಿಯ ಟೈಪ್ ಚೆಕರ್

ರಂಜಿನಿ ತನ್ನ ಎಂ.ಟೆಕ್. ಕೆಲಸವನ್ನು ತೋರಿಸುವ ದಿನ ಅಪ್ಪ ಬೈರಯ್ಯನವರೂ ಶಾಂತಿಗ್ರಾಮದಿಂದ ಅವಳ ಜೊತೆಗೇ ಬಸ್ಸು ಹತ್ತಿ ಹಾಸನದ ಕಾಲೇಜಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಎರಡು ಪ್ರೋಗ್ರಾಂಗಳು ಸಂದೇಶ ಕಳಿಸಿಕೊಂಡು ಕೆಲಸ ಮಾಡುವಾಗ ಯಾರು ಮೊದಲು ಹೇಳಬೇಕು, ಯಾರು ಕೇಳಿಸಿಕೊಳ್ಳಬೇಕು ಎಂಬ ಕ್ರಮವಿರುತ್ತದೆ. ಆ ಕ್ರಮವನ್ನು ಫಂಕ್ಷನಲ್ ಎಂಬ ಬಗೆಯ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಯಾವುದು ಯಾವ ಬಗೆಯದೆಂದು ಗುರುತಿಸುವ ಟೈಪ್‌ಗಳಲ್ಲೇ ಬರೆಸಿಕೊಂಡು, ಪ್ರೋಗ್ರಾಂ ಓಡುವ ಮುಂಚೆಯೇ ತಪ್ಪು ಹಿಡಿಯುವ ಚೆಕರನ್ನು ಅವಳು ಕಟ್ಟಿದ್ದಳು.

ಪರೀಕ್ಷೆಗೆಂದು ಹಳೆಯ ವಿದ್ಯಾರ್ಥಿ ರುದ್ರೇಶ ತನ್ನ ಪ್ರೋಗ್ರಾಂ ಕೊಟ್ಟಿದ್ದ. ಮಲ್ಲಿಪಟ್ಟಣದ ಕಡೆಯ ಒಂದು ಊರಿನಲ್ಲಿ ಅದು ನೀರಿನ ಟ್ಯಾಂಕಿಗೂ ಪಂಪಿಗೂ ಮಾತು ಬೆಸೆದಿತ್ತು. ಚೆಕರ್ ಅದನ್ನು ಒಪ್ಪಲಿಲ್ಲ.

ಬೇಸಿಗೆಯುದ್ದಕ್ಕೂ ಒಮ್ಮೆಯೂ ಕೆಡದೆ ಓಡಿದೆ, ನಿನ್ನ ಚೆಕರಿನಲ್ಲೇ ಏನೋ ಎಡವಟ್ಟಾಗಿದೆ ಎಂದ ರುದ್ರೇಶ. ಗೈಡ್ ಭಾನುಪ್ರಿಯಾ ಮೇಡಂ ನೀನೇ ನೋಡು ಎಂಬಂತೆ ರಂಜಿನಿಗೆ ಪರದೆಯನ್ನು ತೋರಿಸಿದರು.

ರಂಜಿನಿ ಪರದೆಯ ಮೇಲಿನ ಸಾಲುಗಳನ್ನು ನಿಧಾನವಾಗಿ ಓದಿದಳು. ತುಂಬಿತು ಎಂದು ಟ್ಯಾಂಕು ಹೇಳಿ, ಪಂಪಿನ ಉತ್ತರಕ್ಕೆ ಕಾಯುತ್ತದೆ. ಪಂಪು ನಿಲ್ಲುತ್ತದೆ, ಆದರೆ ಉತ್ತರ ಕೊಡದೆ ಟ್ಯಾಂಕಿನ ಮುಂದಿನ ಮಾತಿಗೆ ಕಾಯುತ್ತದೆ.

"ರುದ್ರೇಶಣ್ಣ, ಆ ಟ್ಯಾಂಕು ಒಂದ್ಸಲನಾದ್ರೂ ಪೂರ್ತಿ ತುಂಬಿತ್ತಾ?"

ಅವನು ಯೋಚಿಸಿದ. ಬೇಸಿಗೆಯಲ್ಲಿ ಊರಿನವರು ಹಿಡಿದುಕೊಂಡಷ್ಟೂ ಸಾಲದು, ತುಂಬುವುದೆಲ್ಲಿ ಬಂತು ಎಂದ. ಆಗ ಅವಳು ಟ್ಯಾಂಕು ತುಂಬಿದಂತೆ ಸಂದೇಶ ಕೊಟ್ಟು ಪ್ರೋಗ್ರಾಂ ಓಡಿಸಿದಳು. ಟ್ಯಾಂಕು, ಪಂಪು ಎರಡೂ ಒಂದಕ್ಕೊಂದು ಕಾಯುತ್ತಾ ನಿಂತೇಬಿಟ್ಟವು. ಆಮೇಲೆ ಟ್ಯಾಂಕು ಖಾಲಿಯಾದಂತೆ ತೋರಿಸಿದರೂ ಪಂಪು ಏಳಲಿಲ್ಲ.

ರುದ್ರೇಶ ಎದ್ದು ಬಂದು ಪರದೆಯನ್ನು ಎರಡು ಸಲ ಓದಿದ. "ನಿನ್ನ ಚೆಕರ್ ಸರಿಯಾಗೇ ಏಳೈತೆ ಕಣಮ್ಮ. ಮಳೆ ಇಡಿದು ಟ್ಯಾಂಕು ತುಂಬೋಕ್ ಮುಂಚೆ ನನ್ನ ಉಳುಸ್ದೆ" ಎಂದು, ಉಳಿದ ಪ್ರೋಗ್ರಾಂಗಳನ್ನೂ ನಾಳೆಯೇ ತರುತ್ತೇನೆ ಎಂದ. ಮೇಡಂ ಮುಖ ಅರಳಿತ್ತು.

ಹೊರಗೆ ಬಂದ ಮೇಲೆ ಬೈರಯ್ಯ ಕೇಳಿದರು. "ಓಡುಸ್ದೇನೇ ಅದುಕ್ಕೆ ಎಂಗವ್ವ ಗೊತ್ತಾಯ್ತು?"

"ಒಬ್ರು ಮಾತಾಡೋ ಕಡೆ ಇನ್ನೊಬ್ರು ಕೇಳುಸ್ಕೊಬೇಕು ಅಪ್ಪ. ಇಬ್ರೂ ಕಾಯ್ತಾ ಕೂತ್ರೆ ಅದು ಬರವಣಿಗೆಲೇ ಕಾಣುಸ್ತದೆ."

ಶಾಂತಿಗ್ರಾಮದ ಮೇಲೆ ಹೋಗುವ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಊರಿಗೆ ಮರಳುವಾಗ, ಎಂದೂ ಹೆಚ್ಚು ಮಾತಾಡದ ಬೈರಯ್ಯ ಪಕ್ಕದವರಿಗೆ ಟ್ಯಾಂಕಿನ ಕತೆಯನ್ನೆಲ್ಲ ಹೇಳಿ, "ಅದುನ್ ಕಂಡಿಡ್ದೋಳು ನನ್ ಮಗ್ಳು ಕಣಪ್ಪ" ಎಂದರು. ರಂಜಿನಿಗೆ ನಾಚಿಕೆಯಾಯಿತು. ಆದರೂ ಸುಮ್ಮನಿರಿ ಎನ್ನಲು ಮನಸ್ಸು ಬರಲಿಲ್ಲ.