ಹಳ್ಳದ ದಂಡೆಯ ಲಕ್ಕಿ

"ಕೈ ತಲೀಮಟಾ ಏಳಂಗಿಲ್ಲ, ಗೊಂಚಲ ಹೆಂಗ ಅದ್ದತಿ ಸುಗಂಧಾ? ಈ ವರ್ಷ ಮಿರಜ ಕಡಿ ಟೋಳಿಗೆ ಹೇಳ್ತೀನಿ," ಎಂದ ಮುರಗೆಪ್ಪ.

ಶೇಡಬಾಳದ ಅವನ ದ್ರಾಕ್ಷಿ ತೋಟದಲ್ಲಿ ಒಂಬತ್ತು ವರ್ಷದಿಂದ ಗೊಂಚಲು ಅದ್ದುತ್ತಿದ್ದುದು ಸುಗಂಧಾಳ ಟೋಳಿಯೇ. ಅದ್ದುವುದೆಂದರೆ, ಕಾಳು ದಪ್ಪವಾಗಲೆಂದು ಔಷಧದ ನೀರು ತುಂಬಿದ ಮಗ್ಗನ್ನು ಒಂದೊಂದೇ ಗೊಂಚಲಿಗೆ ಕೆಳಗಿನಿಂದ ಎತ್ತಿ ಹಿಡಿಯುವುದು. ಮುಂಜಾನೆಯಿಂದ ಸಂಜೆತನಕ ಕೈ ಮೇಲೆಯೇ. ಎಂಟು ಹೆಂಗಸರ ಟೋಳಿ ಅದು, ಉಳಿದ ಏಳೂ ಜನರಿಗೆ ಕೆಲಸ ಕಲಿಸಿದವಳು ಇವಳೇ. ಆದರೆ ೨೦೧೨ರ ದೀಪಾವಳಿಯ ಹೊತ್ತಿಗೆ ಅವಳ ಬಲ ರಟ್ಟೆ ಹಿಡಿದುಕೊಂಡಿತ್ತು. ತಲೆ ಬಾಚಲಿಕ್ಕೂ ತಂಗಿಯ ಮಗಳು ನೀಲಮಳೇ ಬೇಕು. ಅಥಣಿಯ ಡಾಕ್ಟರು ಗುಳಿಗೆ ಕೊಟ್ಟು, ಕೀಲು ಬಿಗಿದಿದೆ, ಆಡಿಸುತ್ತಾ ಇರು ಎಂದಿದ್ದರು. ಆಡಿಸಲು ಹೋದರೆ ಜೀವ ಬಾಯಿಗೆ ಬರುತ್ತಿತ್ತು.

"ಅದ್ದೂದು ಯಾವಾಗ್ರಿ ಮಾಲಕರ?"

"ಅಮಾಸಿ ಮರುದಿನ. ಹನ್ನೆರಡ ದಿನ ಐತಿ. ಕಾಳು ನಿನಗ ಕಾಯಂಗಿಲ್ಲವಾ, ನನ್ನ ಮ್ಯಾಲ ಸಿಟ್ಟಾಗಬ್ಯಾಡ."

"ಅಮಾಸಿ ದಿನಾ ಬಂದು ಕೈ ತೋರಸ್ತೀನ್ರಿ. ನಾ ಹಿಂದ ಸರದ್ರ ಎಂಟೂ ಮಂದಿ ಮನ್ಯಾಗ ಕುಂದರತೀವಿ. ಅಲ್ಲೀಮಟಾ ಮಿರಜಕ್ಕ ಫೋನ್ ಹಚ್ಚಬ್ಯಾಡ್ರಿ."

ಮುರಗೆಪ್ಪ ಕೈಯಲ್ಲಿದ್ದ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಸುಗಂಧಾಳಿಗೆ ಅಷ್ಟೇ ಸಾಕಾಯಿತು.

ತೋಟದ ಬದುವಿಗೆ ಲಕ್ಕಿ ಗಿಡ ಬೇಲಿಯಂತೆ ಬೆಳೆದಿತ್ತು. ಮೈಕೈ ನೋವಿಗೆ, ಕೀಲು ನೋವಿಗೆ ಅದರ ಎಲೆ-ತಪ್ಪಲು ಕುದಿಸಿ ಶಾಖ ಕೊಡುವುದು ಆ ಕಡೆ ಎಲ್ಲರೂ ಬಲ್ಲ ಮಾತು. ಸುಗಂಧಾ ಎಡಗೈಯಿಂದಲೇ ಒಂದು ಉಡಿ ತಪ್ಪಲು ಕಿತ್ತಳು. ಅಷ್ಟರಲ್ಲಿ ಎದುರಿಗೆ ಬಂದ ಮುರಗೆಪ್ಪನ ತಾಯಿ ಅಕ್ಕವ್ವ ಅದರಲ್ಲೊಂದು ಟೊಂಗೆ ಎಳೆದು ಮೂಸಿ ಮುಖ ಕಿವುಚಿದಳು.

"ಚೆಲ್ಲ ಬೇ ಅದನ್ನ. ನನ್ನ ಮಗಾ ದಿನಾ ಬಿಟ್ಟ ದಿನಾ ಹುಳದ ಎಣ್ಣಿ ಹೊಡ್ಯಾಕತ್ತಾನ. ಬಳ್ಳಿಗೆ ಹೊಡದದ್ದು ಬೇಲಿ ಮ್ಯಾಲೂ ಕುಂತಿರತೈತಿ. ಇದನ್ನ ಕುದಿಸಿ ಕಟಗೊಂಡ್ರ ತೊಗಲ ಸುಲದ ಬರತೈತಿ. ಹ್ವಾದ ವರ್ಷ ನನ್ನ ಮೊಣಕಾಲ ಹಂಗಽ ಆಗಿತ್ತು."

"ಮತ್ತ ಎಲ್ಲಿಂದ ತರ್ಲಿ ಆಯಿ?"

"ಉಗಾರ ಬುದ್ರುಕದ ಕಡೆ ಹಳ್ಳಕ್ಕ ಹೋಗು. ಅಲ್ಲಿ ಯಾರೂ ಏನೂ ಹೊಡಿಯಂಗಿಲ್ಲ. ಬರೇ ಶಾಖಾ ಕೊಟಗೊಂಡ ಮಲಗಬ್ಯಾಡ ಮತ್ತ. ರಟ್ಟಿ ಬಿಸಿ ಇದ್ದಾಗಽ ಬೆರಳು ಗ್ವಾಡಿ ಮ್ಯಾಲ ಹತ್ತಸು, ಹಲ್ಲಿ ಹತ್ತಿದಂಗ."

"ಮಗಾ ಬ್ಯಾಡಂತಾನ, ತಾಯಿ ದಾರಿ ತೋರಸ್ತಾಳ."

"ಅಂವಾ ಹೊಸಾ ಟೋಳಿ ತಂದ್ರ ಚಾ ಮಾಡಾಕಿ ನಾನಽ. ಅವರಿಗೆ ಸಕ್ಕರಿ ಎಷ್ಟಂತ ನನಗೇನ ಗೊತ್ತು?"

ಅಂದಿನಿಂದ ಸುಗಂಧಾ ಒಂದು ದಿನ ಬಿಟ್ಟು ಒಂದು ದಿನ ಟಂಟಂ ಹತ್ತಿ ಹಳ್ಳಕ್ಕೆ ಹೋದಳು. ತಪ್ಪಲು ಬೇಯಿಸಿ, ಅರಿವೆಯಲ್ಲಿ ಗಂಟು ಕಟ್ಟಿ, ತಡೆಯುವಷ್ಟು ಬಿಸಿಯಲ್ಲಿ ರಟ್ಟೆಗೆ ಒತ್ತಿಕೊಂಡಳು. ಬಿಸಿ ಆರುವ ಮೊದಲೇ ಗೋಡೆಗೆ ನಿಂತು ಬೆರಳು ಹತ್ತಿಸಿದಳು. ಎಲ್ಲಿಗೆ ನಿಂತಿತೋ ಅಲ್ಲಿ ನೀಲಮ ಸುಣ್ಣದಿಂದ ಗೆರೆ ಎಳೆಯುವಳು. ಅವಳೂ ಟೋಳಿಯ ಎಂಟರಲ್ಲೊಬ್ಬಳು.

"ಮಾವಶಿ, ನಿನ್ನಿಗಿಂತ ಎರಡ ಬಟ್ಟ ಕೆಳಗ ಐತಿ."

"ನಿನ್ನ ಗೆರಿ ಸೊಟ್ಟ ಆಗೇತಿ. ನಾಳಿ ನೋಡು."

ಆರನೆಯ ದಿನ ಅತ್ತಳು. ಅಳುತ್ತಲೇ ಹತ್ತಿಸಿದಳು. ಅಂದು ಗೆರೆ ನಾಲ್ಕು ಬೆರಳು ಮೇಲೆ ಬಿತ್ತು.

ಅಮವಾಸ್ಯೆಯ ಮಧ್ಯಾಹ್ನ ತಂತಿಗೆ ಹಬ್ಬಿಸಿದ ಬಳ್ಳಿಯ ಕೆಳಗೆ ನಿಂತು ಮುರಗೆಪ್ಪ, "ಎತ್ತು ನೋಡೂಣು," ಎಂದ. ಸುಗಂಧಾಳ ಕೈ ಹಣೆಯ ಮಟ್ಟ ದಾಟಿ ನಿಂತಿತು. ಅದರಾಚೆಗೆ ಒಲ್ಲೆನೆಂದಿತು.

"ತಂತಿ ಮುಟ್ಟಲಿಲ್ಲಲ್ಲ."

"ತಂತಿ ಅದ್ದೂದಿಲ್ರಿ ಮಾಲಕರ, ಗೊಂಚಲ ಅದ್ದೂದು. ಅವು ಕೆಳಗಽ ಜೋತಾವ. ಮ್ಯಾಲಿನ ಒಂದೆರಡ ನೀಲಮ ಹಿಡೀತಾಳ, ನನಗಿಂತ ಗೇಣ ಎತ್ತರ ಅದಾಳ. ನಾಳಿ ಒಂದ ಸಾಲ ನೋಡ್ರಿ. ಒಂದ ಕಾಳ ಒಣಾ ಉಳದ್ರ ಮಿರಜಕ್ಕ ನಾನಽ ಫೋನ್ ಹಚ್ಚಿಕೊಡ್ತೀನಿ."

ಮುರಗೆಪ್ಪ ತಾಯಿಯ ಕಡೆ ನೋಡಿದ. ಅಕ್ಕವ್ವ ಬಾವಿಯ ಕಡೆ ನೋಡುತ್ತಿದ್ದಳು.

"ಏಳಕ್ಕ ಬರ್ರಿ ಎಲ್ಲಾರೂ. ತಡಾ ಮಾಡಬ್ಯಾಡ್ರಿ," ಎಂದ.

ಮರುದಿನ ಮೊದಲ ಗೊಂಚಲಿಗೆ ಮಗ್ಗು ಎತ್ತಿದಾಗ ತಣ್ಣನೆಯ ನೀರು ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಕುಪ್ಪಸದ ತೋಳಿನೊಳಕ್ಕೆ ಇಳಿಯಿತು. ಗೊಂಚಲು ಪೂರ್ತಿ ಮುಳುಗುವವರೆಗೆ ಸುಗಂಧಾ ಕೈ ಇಳಿಸಲಿಲ್ಲ. ಆಮೇಲೆ ಪಕ್ಕದ ಗೊಂಚಲಿಗೆ ಸರಿದಳು.